ಎಡಕ್ಕೇ ತಿರುಗಿದ ಅರವತ್ತೆರಡು ಬಾಣಗಳು

ಬೀದಿಯವರೆಲ್ಲ ಅವನನ್ನು ಇರುವೆ ಪೇಂಟರ್ ಎಂದೇ ಕರೆಯುತ್ತಿದ್ದರು. ತಾನು ಬರೆದ ಪ್ರತಿ ಬೋರ್ಡಿನ ಕೆಳಮೂಲೆಯಲ್ಲಿ ಸಹಿಯ ಬದಲು ಒಂದು ಕಪ್ಪಿರುವೆ ಬಿಡಿಸುವುದು ಅವನ ಪದ್ಧತಿ. ಆ ಇರುವೆಗೆ ಎಷ್ಟು ಜೀವಕಳೆಯೆಂದರೆ, ಹಲ್ಲಿನ ಡಾಕ್ಟರು ಮೂರು ತಿಂಗಳು ತಮ್ಮ ಬೋರ್ಡಿಗೆ ಇರುವೆ ಪುಡಿ ಹಾಕಿದ್ದರೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಈಗ ತಿರುಗುವುದು ನಿಂತಿತ್ತು. ನಲವತ್ತು ವರ್ಷ ಐದಾಳೆತ್ತರದ ಏಣಿಗಳ ಮೇಲೆ ಕೋತಿಯಂತೆ ಓಡಾಡಿದವನು, ಮನೆಯ ಫ್ಯಾನು ಒರೆಸಲು ಸ್ಟೂಲು ಹತ್ತಿ ಬಿದ್ದ. ಮೊಣಕಾಲೆತ್ತರದ ಸ್ಟೂಲು. ಬೆನ್ನುಮೂಳೆಗೆ ಏಟಾಗಿ ಕಾಲುಗಳೆರಡೂ ಕೈಕೊಟ್ಟವು. ಇದನ್ನು ಹೊರಗೆ ಹೇಳುವುದು ಹೇಗೆ? ಎರಡನೇ ಮಹಡಿಯಿಂದ ಬಿದ್ದೆ ಎಂದ. ಮರುವರ್ಷ ಅದು ನಾಲ್ಕನೇ ಮಹಡಿಯಾಯಿತು. ಹೀಗೇ ಬಿಟ್ಟಿದ್ದರೆ ಇನ್ನೆರಡು ವರ್ಷಕ್ಕೆ ಮೋಡದಿಂದಲೇ ಉದುರುತ್ತಿದ್ದ.

ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ದೇಶದ ಜಲಪಾತ, ಕಮರಿ, ಹಿಮದ ಬೆಟ್ಟಗಳನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದಳೇ ಹೊರತು ಒಂದನ್ನೂ ಕಣ್ಣಾರೆ ಕಂಡವಳಲ್ಲ. ನಿವೃತ್ತಿಯಾದ ಮೇಲೆ ಇಬ್ಬರೂ ಒಂದೊಂದಾಗಿ ನೋಡಿಬರೋಣವೆಂದು ನಡುಮನೆಯ ಗೋಡೆಗೆ ಭೂಪಟ ಹೊಡೆದಿದ್ದಳು. ಸ್ಟೂಲಿನ ಪ್ರಸಂಗದ ನಂತರ ಗಾಲಿಕುರ್ಚಿಯ ಹಿಡಿ ತಗುಲಿ ತಗುಲಿ ದಕ್ಷಿಣದ ಕರಾವಳಿಯೇ ಹರಿದುಹೋಯಿತು. ಎರಡು ವರ್ಷ ಅವನು ಹೊಸ್ತಿಲು ದಾಟಲಿಲ್ಲ.

“ನಾಲ್ಕು ಜನ ನನ್ನ ಮೂಟೆ ಥರ ಹೊತ್ಕೊಂಡು ಹೋಗಿ ಪ್ರಕೃತಿ ತೋರಿಸ್ಬೇಕಾ? ಗೋಡೆ ಮೇಲೆ ನಾನೇ ಜಲಪಾತ ಬರೆದುಕೊಡ್ತೀನಿ. ನಲ್ಲಿ ಬಿಟ್ಕೊಂಡು ನೋಡು.”

“ನಲ್ಲೀಲಿ ನೀರು ಬಂದಾಗ ನೋಡೋಣ. ಮೊದಲು ಹೊರಡಿ.”

ಕೊನೆಗೆ ಅವನೊಂದು ಷರತ್ತು ಹಾಕಿದ. “ಒಂದೇ ಒಂದು ಸಲ. ಯಾವ ಮನುಷ್ಯನೂ ನನ್ನ ಎತ್ತಬಾರದು. ಎತ್ತದೆ ಜಲಪಾತ ಕಂಡರೆ ಆಮೇಲೆ ನೀನು ಕರೆದಲ್ಲಿಗೆಲ್ಲ ಬರ್ತೀನಿ. ಕಾಣದಿದ್ರೆ ಆ ಮ್ಯಾಪು ಸುತ್ತಿ ಅಟ್ಟಕ್ಕೆ ಹಾಕು, ಮತ್ತೆ ಆ ಮಾತು ಎತ್ತಬಾರದು.”

“ಆಯ್ತು,” ಎಂದಳು ಅವಳು. ಮದುವೆಯಾದಂದಿನಿಂದ ಒಂದು ಮಾತಿಗೂ ಮೊದಲ ಸಲಕ್ಕೇ ಒಪ್ಪದವಳು ಹೀಗೆ ಒಪ್ಪಿದ್ದು ನೋಡಿ ಅವನಿಗೆ ಹೆದರಿಕೆಯೇ ಆಯಿತು.

ಹೊರಟ ದಿನ ಬಸ್ಸಿನ ಹಿಂಬಾಗಿಲಿನಿಂದ ಕಬ್ಬಿಣದ ಹಲಗೆಯೊಂದು ಕೆಳಗಿಳಿದು, ಅವನನ್ನು ಕುರ್ಚಿ ಸಮೇತ ಮೇಲಕ್ಕೆತ್ತಿಕೊಂಡಿತು.

“ಎತ್ತಿತು! ಪಂದ್ಯ ಮುಗೀತು, ಮನೆಗೆ ನಡಿ!”

“ಯಂತ್ರ ಎತ್ತಿದ್ದು ಲೆಕ್ಕಕ್ಕಿಲ್ಲ. ಸುಮ್ನೆ ಕೂತ್ಕೊಳ್ಳಿ.”

ಜಲಪಾತದ ಗೇಟಿನಲ್ಲಿ ಇಳಿದಾಗ ಮೂರು ಗಂಟೆ. ನಾಲ್ಕಕ್ಕೆ ಅದೇ ಬಸ್ಸು ವಾಪಸು. ಅದು ಬಿಟ್ಟರೆ ಹಲಗೆಯಿರುವ ಬಸ್ಸು ಅಂದಿಗೆ ಇನ್ನಿಲ್ಲ. ನೀರು ಬೀಳುವ ಸದ್ದು ಅಲ್ಲಿಗೇ ಕೇಳುತ್ತಿತ್ತು. ದಾರಿ ಎರಡಾಗುವಲ್ಲಿ ಒಂದು ನೀಲಿ ಬೋರ್ಡು: ಗಾಲಿಕುರ್ಚಿಯಲ್ಲಿ ಕೂತವನ ಚಿತ್ರ, ಪಕ್ಕದಲ್ಲಿ ಎಡಕ್ಕೆ ಬಾಣ. ಅಕ್ಷರ ಒಂದೂ ಇಲ್ಲ. ಎಡಕ್ಕೆ ಹೋದರು. ದಾರಿ ಶೌಚಾಲಯಕ್ಕೆ ಒಂದು ಸುತ್ತು ಹಾಕಿತು, ಕ್ಯಾಂಟೀನಿನ ಹಿಂದೆ ತೊಳೆಯದ ಪಾತ್ರೆಗಳನ್ನು ತೋರಿಸಿತು, ಆಮೇಲೆ ಮೆಟ್ಟಿಲುಗಳಾಗಿ ಕೆಳಗಿಳಿಯಿತು. ಅವನ ಅಂದಾಜಿಗೆ ಏಳು ಸಾವಿರ ಮೆಟ್ಟಿಲು. ಹೆಂಡತಿ ಎಣಿಸಿದರೆ ನಲವತ್ತೊಂದು.

ಅವನ ಮುಖ ಅರಳಿತು. “ಕಂಡ್ಯಾ? ನಮ್ಮಂಥವರಿಗೆ ಈ ದೇಶ ತೋರಿಸೋದು ಪಾತ್ರೆ ತೊಳೆಯೋ ಜಾಗಾನೇ. ಮ್ಯಾಪು ಅಟ್ಟಕ್ಕೆ! ಅಲ್ಲ, ಯಾವ ತಲೆಕೆಟ್ಟ ಪೇಂಟರು ಬರೆದ ಬೋರ್ಡು ಅದು? ಕೈಗೆ ಸಿಕ್ಕಿದ್ರೆ ಅವನ ಬ್ರಶ್ಶಿಂದಲೇ ಅವನಿಗೆ ಮೀಸೆ ಬರೀತಿದ್ದೆ.”

ಅವಳು ಚೀಲವನ್ನು ಎದೆಗವಚಿಕೊಂಡು ಸದ್ದು ಬರುವ ಕಡೆಗೇ ನೋಡುತ್ತ ನಿಂತಳು. ಗೆದ್ದವನು ಕುರ್ಚಿಯ ಚಕ್ರವನ್ನು ಸುಮ್ಮನೆ ಹಿಂದೆ ಮುಂದೆ ಉರುಳಿಸಿದ.

ಅಷ್ಟರಲ್ಲಿ ಅಲ್ಲಿನ ಕಾವಲುಗಾರ ಓಡಿಬಂದ. “ಇಲ್ಲಲ್ಲ ಅಜ್ಜಾ! ದಾರಿ ಇರೋದು ಬಲಗಡೆ. ನೀರಿನ ಎದುರಿನ ತನಕ ಮೆಟ್ಟಿಲೇ ಇಲ್ಲದ ಹಾಗೆ ಕಟ್ಟಿದಾರೆ. ಬೋರ್ಡೇ ತಪ್ಪು. ನಾನು ಬರೆದು ಅಂಟಿಸೋ ಕಾಗದ ಈ ತುಂತುರಿಗೆ ಒಂದಿನಾನೂ ನಿಲ್ಲಲ್ಲ. ಹೋದ ವಾರ ಒಬ್ಬರು ಅಮ್ಮ ನಿಮ್ಮ ಥರಾನೇ ವೀಲ್‌ಚೇರಲ್ಲಿ ಬಂದು, ಇಲ್ಲೇ ಕೂತು ಸದ್ದು ಕೇಳಿಸ್ಕೊಂಡು ಹೋಗಿಬಿಟ್ರಂತೆ. ನನಗೆ ಗೊತ್ತಾಗೋ ಹೊತ್ತಿಗೆ ಬಸ್ಸು ಹೊರಟಿತ್ತು.”

ಮತ್ತೆ ಬೋರ್ಡಿನ ಬಳಿ ಬಂದಾಗ ಮೂರೂವರೆ. ಹೆಂಡತಿ ಅದರ ಹತ್ತಿರ ಬಗ್ಗಿದಳು.

“ರೀ, ಬೋರ್ಡಿನ ಮೇಲೆ ಇರುವೆ.”

“ಇದ್ರೆ ಒರೆಸು.”

“ಹೋಗ್ತಾ ಇಲ್ಲ.”

ಅವನಿಗೆ ನೆತ್ತಿಯಿಂದ ಅಂಗಾಲಿನವರೆಗೆ ಬೆವರಿತು. ಕಾಲಿಗೆ ಏನೂ ತಿಳಿಯದು ಎಂದು ಡಾಕ್ಟರು ಹೇಳಿದ್ದರೂ ಬೆವರಿತು. ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಪ್ರವಾಸದ ಕಚೇರಿಯವರು ದೇಶದ ಚೆಂದದ ಜಾಗಗಳಿಗೆಲ್ಲ ಎಂದು ಅರವತ್ತೆರಡು ಬೋರ್ಡು ಬರೆಯಲು ಹೇಳಿದ್ದರು. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಅವನು ತಗಡು ಕತ್ತರಿಸಿ ಒಂದು ಅಚ್ಚು ಮಾಡಿದ್ದ, ಎಡದ್ದು. ಬಲಕ್ಕೆ ಬೇಕಾದರೆ ಅಚ್ಚನ್ನು ಮಗುಚಬೇಕು, ಮಗುಚುವ ಮೊದಲು ಹಸಿ ಬಣ್ಣ ಒರೆಸಬೇಕು. ಯಾರು ಒರೆಸುತ್ತಾರೆ? ಬಂಡಿಯಲ್ಲಿ ಕೂತವನು ಬೆಟ್ಟ ನೋಡಲು ಹೋಗುವುದುಂಟೇ ಎಂದುಕೊಂಡು ಅರವತ್ತೆರಡನ್ನೂ ಎಡಕ್ಕೇ ಬಳಿದು, ಅರವತ್ತೆರಡು ಇರುವೆಗಳನ್ನು ಮಾತ್ರ ಮೀಸೆ ಸಮೇತ ಶ್ರದ್ಧೆಯಿಂದ ಬಿಡಿಸಿ ಕಳಿಸಿದ್ದ.

“ನಡಿ, ಮನೆಗೆ ಹೋಗೋಣ,” ಎಂದ ಸಣ್ಣ ದನಿಯಲ್ಲಿ. “ಇದನ್ನ ನೋಡೋ ಯೋಗ್ಯತೆ ನನಗಿಲ್ಲ ಕಣೇ.”

“ನಿಮ್ಮ ಯೋಗ್ಯತೆ ಮನೇಲಿ ನೋಡೋಣ, ಅದು ಎಲ್ಲೂ ಓಡಿಹೋಗಲ್ಲ. ಈಗ ಜಲಪಾತ.” ಅವಳು ಕುರ್ಚಿಯನ್ನು ಬಲಕ್ಕೆ ತಿರುಗಿಸಿದಳು.

ಹೋಟೆಲು ಗೋಡೆಗಳ ಮೇಲೆ ಅವನು ಬರೆದ ಜಲಪಾತಗಳೆಲ್ಲ ನೀಲಿ, ಕೆಳಗೆ ಕಡ್ಡಾಯವಾಗಿ ಜೋಡಿ ಹಂಸ. ಇಲ್ಲಿ ನೀಲಿಯೇ ಇರಲಿಲ್ಲ. ಬಂಡೆಯ ತುದಿಯಿಂದ ಬಿಳಿಯ ಬೆಟ್ಟವೇ ಕುಸಿದು ಬೀಳುತ್ತಿತ್ತು, ಮುಗಿಯದೆ ಬೀಳುತ್ತಿತ್ತು. ಹಂಸ ಬಿದ್ದಿದ್ದರೆ ಗರಿಯೊಂದೂ ಸಿಗುತ್ತಿರಲಿಲ್ಲ. ಹೆಂಡತಿ ಕಂಬಿ ಹಿಡಿದು ನೆನೆಯುತ್ತ ನಿಂತಳು.

“ನಾನು ಮಕ್ಕಳಿಗೆ ಒಂದು ಗೆರೆ ಎಳೆದು ತೋರಿಸ್ತಿದ್ದೆ ರೀ,” ಎಂದಳು. “ಒಂದೇ ಒಂದು ಗೆರೆ.”

ಅವನು ತಮಾಷೆ ಮಾಡಲು ಬಾಯಿ ತೆರೆದ. ನೀರು ತುಂಬಿಕೊಂಡಿತು. ಮುಚ್ಚಿದ.

ಹಿಂತಿರುಗುವಾಗ ಕಾವಲುಗಾರನ ಮುಂದೆ ಒಪ್ಪಿಕೊಂಡ. “ಆ ಬೋರ್ಡು ಬರೆದ ತಲೆಕೆಟ್ಟ ಪೇಂಟರು ನಾನೇ ಕಣಪ್ಪಾ. ಇಂಥವು ಅರವತ್ತೆರಡು ಬರೆದೆ, ಎಲ್ಲಾ ಎಡಕ್ಕೇ.”

ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ಬೈಯಲು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, “ಈಗೇನ್ ಮಾಡೋದು ಅಜ್ಜಾ?” ಎಂದ.

“ಸ್ಕ್ರೂ ಬಿಚ್ಚಿ ತಲೆಕೆಳಗು ಮಾಡು. ಬಾಣ ಬಲಕ್ಕೆ ಬರುತ್ತೆ.”

ಕಾವಲುಗಾರ ಒಳಗಿನಿಂದ ಸ್ಟೂಲು ತಂದು ಹತ್ತಿದ.

“ಹುಷಾರಪ್ಪಾ,” ಎಂದ ಪೇಂಟರ್. “ನಾನು ಬಿದ್ದದ್ದೂ ಅಂಥದ್ದರಿಂದಲೇ.” ಎರಡು ವರ್ಷದಲ್ಲಿ ಹೊರಗಿನವರ ಮುಂದೆ ಮೊದಲ ಸಲ ನಿಜ ಹೇಳಿದ್ದ. ಕಾವಲುಗಾರ ನಂಬಲಿಲ್ಲ.

ಬೋರ್ಡು ಮಗುಚಿಕೊಂಡಿತು. ಬಾಣ ಬಲಕ್ಕೆ ತಿರುಗಿತು. ಕುರ್ಚಿಯಲ್ಲಿದ್ದವನು ತಲೆಕೆಳಗಾಗಿ, ಚಕ್ರಗಳು ಆಕಾಶ ನೋಡಿದವು. ಮೇಲ್ಮೂಲೆಯಲ್ಲಿ ಇರುವೆ ಅಂಗಾತ ಬಿದ್ದು ಕಾಲು ಬಡಿಯುವಂತೆ ಕಂಡಿತು.

“ನೀವು ಬಿದ್ದಾಗ ಹೀಗೇ ಕಂಡಿದ್ರಿ,” ಎಂದಳು ಹೆಂಡತಿ. “ಈ ಚಿತ್ರ ಮಾತ್ರ ಬಹಳ ಚೆನ್ನಾಗಿ ಬಂದಿದೆ.”

ಬಸ್ಸು ಹೊರಟ ಮೇಲೆ ಅವಳು ಚೀಲದಿಂದ ಭೂಪಟ ತೆಗೆದು ಮಡಿಲಲ್ಲಿ ಹರಡಿದಳು. ಗೋಡೆಯಿಂದ ಅದನ್ನು ಯಾವಾಗ ಕಿತ್ತು ತಂದಿದ್ದಳೋ!

“ಇನ್ನು ಅರವತ್ತೊಂದು,” ಎಂದಳು, ಪೆನ್ನಿನ ಮುಚ್ಚಳ ತೆಗೆಯುತ್ತ.

“ಅದರಲ್ಲಿ ಅರ್ಧ ಸರಿ ಇರುತ್ತಲ್ಲೇ.”

“ಯಾವ ಅರ್ಧ?”

ಅವನು ಭೂಪಟದ ಹರಿದ ಅಂಚನ್ನು ಬೆರಳಿಂದ ಒತ್ತಿ ನೇರಮಾಡಿದ.

“ಮೊದಲು ಕರಾವಳಿಗೆ ಹೋಗೋಣ,” ಎಂದ. “ಹರಿದದ್ದು ನಾನೇ ತಾನೆ. ಅಂಗಡಿ ಮುಂದೆ ಬಸ್ಸು ನಿಲ್ಲಿಸಿದ್ರೆ ಒಂದು ಡಬ್ಬಿ ಬಿಳಿ ಬಣ್ಣ ತಗೋಬೇಕು. ಒರೆಸೋ ಬಟ್ಟೆ ಜಾಸ್ತಿ ಇರಲಿ.”