ಬಾಗಿಲ ಚೌಕಟ್ಟಿನ ಕೆಂಪು ಟೇಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರು ತುಂಬಿದ ಹಳೆಯ ಕಲ್ಲುಗಣಿಯ ದಂಡೆಯಲ್ಲೊಂದು ತಗಡಿನ ಕೋಣೆ. ಒಳಗೆ ಕಂಪ್ರೆಸರ್ ಗುಡುಗುತ್ತಿದೆ. ಆ ಗದ್ದಲದಲ್ಲೇ ಒಬ್ಬ ಹೆಂಗಸು ಸಿಲಿಂಡರಿನ ಮೇಲೆ ಅಂಗೈಯಿಟ್ಟು, ಮಗುವಿನ ಜ್ವರ ನೋಡುವಂತೆ ಬಿಸಿ ನೋಡುತ್ತಿದ್ದಾರೆ. ಮುಳುಗುಗಾರರೆಲ್ಲ ಇವರನ್ನು ಕರೆಯುವುದು ಗಾಳಿಯಕ್ಕ ಎಂದು. ಗೋಡೆ ತುಂಬ ಮುಳುಗುಗಾರರ ಫೋಟೊಗಳಿವೆ. ಅವರಿಗೆಲ್ಲ ಉಸಿರು ತುಂಬಿಕೊಡುವ ಈಕೆಯದು ಒಂದೂ ಇಲ್ಲ.

ಕೋಣೆಯಲ್ಲಿ ಎರಡು ಸಾಲು. ಎಡಕ್ಕೆ, ರಜೆಯಲ್ಲಿ ಬಂದು ಮೀನು ನೋಡಿ ಹೋಗುವವರ ಸಿಲಿಂಡರ್. ಒಳಗಿರುವುದು ನಾವು ನೀವು ಉಸಿರಾಡುವ ಬರೀ ಗಾಳಿ. ಬಲಕ್ಕೆ, ಗಣಿಯ ತಳ ಮುಟ್ಟುವವರದು. ಆಮ್ಲಜನಕ, ಹೀಲಿಯಂ ಅಳೆದು ಬೆರೆಸಿದ್ದು, ಒಂದೊಂದು ಆಳಕ್ಕೆ ಒಂದೊಂದು ಬೆರಕೆ. ವ್ಯತ್ಯಾಸ ಇಷ್ಟೇನಾ ಎಂದು ನಾನು ಕೇಳಿದರೆ ಗಾಳಿಯಕ್ಕ ನಗುತ್ತಾರೆ.

"ಮೋಜಿಗೆ ಇಳಿದೋರಿಗೆ ಹೆದ್ರಿಕೆ ಆಯ್ತು ಅನ್ನಿ, ನಿಧಾನಕ್ಕೆ ಮೇಲೆ ಬಂದ್ರೆ ಮುಗೀತು. ಆಳಕ್ಕೆ ಹೋದೋರಿಗೆ ಆ ದಾರಿ ಇಲ್ಲ. ತಲೆ ಮೇಲೆ ಕಾಣದ ಚಾವಣಿ ಇದ್ದಂಗೆ. ಅಲ್ಲಲ್ಲಿ ನಿಂತು, ಮೈಯೊಳಗೆ ಸೇರಿದ ಗಾಳಿ ಬಿಟ್ಕೊಂಡು ಬರ್ಬೇಕು. ಓಡಿ ಬಂದ್ರೆ ಏನಾಗುತ್ತೆ ಅಂತ ನಮ್ಮನೆಯವರನ್ನ ಕೇಳಿ."

ಮನೆಯವರು ಮೂಲೆಯ ಸ್ಟೂಲಿನ ಮೇಲೆ ಉಸಿರುಕೊಳವೆ ರಿಪೇರಿ ಮಾಡುತ್ತಿದ್ದಾರೆ. ಒಂದು ಕಾಲಕ್ಕೆ ಹೆಸರುವಾಸಿ ಮುಳುಗುಗಾರ. ತಳದಲ್ಲಿ ಮುಖವಾಡ ಕಳಚಿಹೋಗಿ, ಗಾಬರಿಯಲ್ಲಿ ನೇರ ಮೇಲೆ ಬಂದರು. ರಕ್ತದಲ್ಲಿ ಗುಳ್ಳೆಯೆದ್ದು ಎಡಗಾಲು ಸ್ವಾಧೀನ ತಪ್ಪಿತು.

"ಕಾಲು ಹೋಯ್ತು, ಬಾಯಿ ಉಳೀತು," ಎನ್ನುತ್ತಾರೆ ಹೆಂಡತಿ.

"ಅದೂ ಹೋಗಿದ್ರೆ ನಿನ್ ಜೊತೆ ಬಾಳೋದು ಹೇಗೆ?"

ಗಂಡ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ಕೇಳಿ ಕೇಳಿ ಕಲಿತ ವಿದ್ಯೆ ಇದು. ಈಗ ದಿನಕ್ಕೆ ಮೂವತ್ತರ ಹತ್ತಿರ ಸಿಲಿಂಡರ್ ತುಂಬುತ್ತಾರೆ. ತಳಕ್ಕೆ ಇಳಿಯುವವನು ಗಂಡನ ತಮ್ಮ.

ಗಾಳಿಯಕ್ಕನದೊಂದು ಕಟ್ಟಳೆ. ತುಂಬಿದ ಸಿಲಿಂಡರಿನ ಬಾಯಿಗೆ ಕೆಂಪು ಟೇಪು ಬೀಳುತ್ತದೆ. ಒಯ್ಯುವವನೇ ಅದನ್ನು ಕಿತ್ತು, ಒಳಗೆ ಆಮ್ಲಜನಕ ಎಷ್ಟಿದೆ ಎಂದು ಮೀಟರಿಟ್ಟು ನೋಡಿ, ಆ ಟೇಪನ್ನು ಬಾಗಿಲ ಚೌಕಟ್ಟಿಗೆ ಅಂಟಿಸಿ ಹೋಗಬೇಕು. ಆ ದಿನ ಎಷ್ಟು ಸಿಲಿಂಡರ್ ಹೊರಬಿದ್ದವೋ ಅಷ್ಟು ಟೇಪು.

ಇವತ್ತು ಮೈದುನ ತಳದಲ್ಲಿ ಮುಳುಗುಗಾರರಿಗೆ ದಾರಿ ತೋರುವ ಸವೆದ ಹಗ್ಗ ಬದಲಿಸಲು ಹೊರಟಿದ್ದಾನೆ. ಎರಡೂ ಮಗ್ಗುಲಿಗೆ ತಗುಲಿಸಿಕೊಳ್ಳುವ ಜೋಡಿ ಸಿಲಿಂಡರ್. ಎರಡರಲ್ಲೂ ಒಂದೇ ಬೆರಕೆ ಇರಬೇಕು. "ಅತ್ತಿಗೆ, ನಿಮ್ಮ ಟೇಪು ಕಿತ್ತೂ ಕಿತ್ತೂ ಉಗುರೇ ಸವೀತು," ಎಂದು ರೇಗಿಸಿ ಹೋಗುತ್ತಾನೆ. ಗಾಳಿಯಕ್ಕ ತಿರುಗಿ ಚೌಕಟ್ಟು ನೋಡುತ್ತಾರೆ. ಮೊದಲೇ ಹೋದ ಜೊತೆಗಾರನದು ಎರಡಿವೆ; ಮೈದುನನದು?

ಒಂದೇ ಟೇಪು.

ಸ್ಪ್ಯಾನರ್ ಬಿಸಾಕಿ, ಮೀಟರ್ ಹಿಡಿದು ದಂಡೆಗೆ ಓಡುತ್ತಾರೆ. ಮೈದುನ ಆಗಲೇ ಜೊತೆಗಾರನೊಂದಿಗೆ ಸೊಂಟದ ಮಟ್ಟದ ನೀರಿನಲ್ಲಿದ್ದಾನೆ.

"ಹತ್ತೋ ಮೇಲೆ!"

"ಜೋಡಿ ಅಲ್ವಾ ಅತ್ತಿಗೆ, ಒಂದನ್ನ ನೋಡಿದ್ದೀನಲ್ಲ."

"ಇನ್ನೊಂದನ್ನ ಯಾರು ನೋಡ್ತಾರೆ, ಮೀನಾ?"

ಗೊಣಗುತ್ತಲೇ ಎರಡನೆಯದರ ಬಾಯಿ ತಿರುಗಿಸುತ್ತಾನೆ. ಮೀಟರಿನ ಅಂಕಿ ಏರುತ್ತದೆ. ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಇನ್ನೂ ಏರುತ್ತದೆ. ಅದು ಮೇಲೆ ಬರುವಾಗಿನ ಕೊನೆಯ ನಿಲುಗಡೆಗೆಂದು ತುಂಬಿಟ್ಟ ಶುದ್ಧ ಆಮ್ಲಜನಕ; ಪಕ್ಕದ ಗೂಡಿನಿಂದ ಕೈತಪ್ಪಿ ಬಂದಿದೆ. ತಳದಲ್ಲಿ ಅದನ್ನು ಎಳೆದುಕೊಂಡಿದ್ದರೆ ಫಿಟ್ಸ್ ಬಂದು, ಬಾಯೊಳಗಿನ ಕೊಳವೆ ಜಾರಿ, ಅಲ್ಲೇ ಉಸಿರು ನಿಲ್ಲುತ್ತಿತ್ತು.

"ಏನಾಯ್ತೇ?" ಕೋಣೆಯಿಂದ ಗಂಡನ ಕೂಗು.

"ಏನಿಲ್ಲ ರೀ, ಸಿಲಿಂಡರ್ ಬದಲು!"

ಬೇಡ ಎಂದು ಯಾರು ಹೇಳಿದರೂ ಇಳಿಯುವುದು ನಿಂತಂತೆ, ಯಾಕೆಂದು ಕೇಳುವಂತಿಲ್ಲ. ಆಳದವರ ಕಟ್ಟಳೆ ಅದು. ಗಾಳಿಯಕ್ಕ ಬಾಯಿ ತೆರೆಯುವ ಮೊದಲೇ ಮೈದುನ ನೀರು ಬಿಟ್ಟು ಬರುತ್ತಾನೆ. "ಇವತ್ತು ಬೇಡ ಅತ್ತಿಗೆ."

ಮಧ್ಯಾಹ್ನ ನಾನು ಹೊರಡುವಾಗ ಅವನು ನಾಳೆಯ ಸಿಲಿಂಡರುಗಳ ಮುಂದೆ ಕೂತಿದ್ದಾನೆ. ಮೊದಲನೆಯ ಟೇಪು ಚೌಕಟ್ಟಿಗೇರಿದೆ, ಎರಡನೆಯದು ಬೆರಳಿಗೆ ಅಂಟಿಕೊಂಡು ಸತಾಯಿಸುತ್ತಿದೆ. "ಥೂ, ಎಲ್ಲಿಂದ ತಂದ್ರಿ ಅತ್ತಿಗೆ ಈ ದರಿದ್ರ ಟೇಪು!"

ನಿಮಗೇನು ಆಸೆ ಎಂದು ಗಾಳಿಯಕ್ಕನನ್ನು ಕೇಳುತ್ತೇನೆ. ಕಂಪ್ರೆಸರ್ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ನಾಳೆ ಮೇಲೆ ಬಂದ್ಮೇಲೂ ಹೀಗೇ ಬೈಲಿ. ಅಷ್ಟು ಸಾಕು."