ಚಕ್ರಕ್ಕೆ ಕೊಟ್ಟ ಕಲ್ಲು

ಕೊಪ್ಪ ಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೂತಿದ್ದೇನೆ. ಮುರಿದ ನನ್ನ ಕನ್ನಡಕವನ್ನು ಸರಿ ಮಾಡಲೆಂದು ಅಂಗಡಿಯವರು ಒಳಗೆ ಒಯ್ದಿದ್ದಾರೆ. ಅದಿಲ್ಲದಿದ್ದರೆ ನನಗೆ ಪ್ರಪಂಚವೆಲ್ಲ ತಿಳಿ ಗಂಜಿ. ಎದುರಿನ ಇಳಿಜಾರಿನಲ್ಲಿ ನಿಂತಿರುವ ಮಗಳ ಹೊಸ ಕಾರು ಬೆಳ್ಳಗಿನ ಒಂದು ಮುದ್ದೆಯಾಗಿ ಕಾಣುತ್ತಿದೆ. ಅದರ ಮುಂದಿನ ಚಕ್ರದ ಬುಡದಲ್ಲಿ ಕಪ್ಪಗೆ ಏನೋ ಇದೆ. ನೆರಳಿರಬಹುದು. ಕಲ್ಲೂ ಇರಬಹುದು.

ಕಲ್ಲಾಗಿದ್ದರೆ ಅದು ನಾನಿಟ್ಟದ್ದಲ್ಲ. ಇಡಲು ಹೊರಟವನನ್ನು ಮಗಳೇ ತಡೆದಳು. "ಅಪ್ಪ, ಇದು ಆಟೋಮ್ಯಾಟಿಕ್. ಗೇರ್ ಕಡ್ಡಿ ಪಾರ್ಕಿಂಗಿನ ಪಿಗೆ ಹಾಕಿದ್ರೆ ಮುಗೀತು, ಅದೇ ಹಿಡ್ಕೊಂಡು ನಿಲ್ಲತ್ತೆ. ಪೇಟೆ ತುಂಬ ಕಲ್ಲು ಹುಡ್ಕೊಂಡು ತಿರುಗಿ ನನ್ನ ಮರ್ಯಾದೆ ತೆಗೀಬೇಡ" ಎಂದು ಹೇಳಿ ಪಕ್ಕದ ಔಷಧದಂಗಡಿಗೆ ಹೋದಳು. ಅವಳ ಮಾತೂ ಸರಿಯೇ. ಆದರೆ ನಮ್ಮ ಕಡೆ ಸಪಾಟು ಜಾಗ ಸಿಗುವುದು ಊಟದ ಎಲೆಯ ಮೇಲೆ ಮಾತ್ರ. ಗಾಡಿ ನಿಂತ ಕೂಡಲೇ ಯಾರಾದರೊಬ್ಬರು ಇಳಿದು ಚಕ್ರಕ್ಕೆ ಕಲ್ಲು ಕೊಡುವುದು ಇಲ್ಲಿ ಉಸಿರಾಡಿದಷ್ಟೇ ಸಹಜ.

"ಪಿಗೆ ಹಾಕಿದರೆ ಮುಗೀತು" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಭಾವನ ಬಾಯಲ್ಲಿ. ಭಾವ ಎಂದರೆ ಅಕ್ಕನ ಗಂಡ. ನರಸಿಂಹರಾಜಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು. ಮನೆ ಭದ್ರಾ ಹಿನ್ನೀರಿನ ದಿಬ್ಬದ ಮೇಲೆ. ಅಕ್ಕನ ಎಡಗಾಲು ಚಿಕ್ಕಂದಿನಿಂದಲೂ ಸ್ವಾಧೀನದಲ್ಲಿರಲಿಲ್ಲ. ಕಾರು ಓಡಿಸುವ ಆಸೆ ಮಾತ್ರ ಬೆಟ್ಟದಷ್ಟಿತ್ತು. ಕ್ಲಚ್ ಒತ್ತುವುದೆಲ್ಲಿಂದ? ಕೊನೆಗೆ ಭಾವ ಬಾಳೆಹೊನ್ನೂರಿನ ಕಡೆಯ ಯಾವುದೋ ಎಸ್ಟೇಟಿನ ಶೆಡ್ಡಿನಲ್ಲಿ ಧೂಳು ಹೊದ್ದು ಮಲಗಿದ್ದ ಹಳೇ ವಿದೇಶಿ ಕಾರನ್ನು ಪತ್ತೆ ಮಾಡಿ ತಂದರು. ಕಾಲಲ್ಲಿ ಒತ್ತುವ ಕ್ಲಚ್ಚೇ ಇಲ್ಲ, ಗೇರು ತನ್ನಷ್ಟಕ್ಕೆ ಬೀಳುತ್ತಿತ್ತು. ಅಕ್ಕ ಬಲಗಾಲೊಂದರಲ್ಲೇ ಊರೆಲ್ಲ ಸುತ್ತಿದಳು. ಆದರೂ ನಿಲ್ಲಿಸಿದಾಗ ಕಲ್ಲು ಕೊಡದೆ ಬಿಡುತ್ತಿರಲಿಲ್ಲ. ಒಗೆಯುವ ಕಲ್ಲಿನಿಂದ ಒಡೆದು ಬಿದ್ದ ನುಣುಪಾದ ತುಂಡೊಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದಳು. ಭಾವ ನಕ್ಕರೆ, "ನಿಮ್ಮ ಪಿ ನಿಮಗಿರಲಿ, ನನ್ನ ಕಲ್ಲು ನನಗಿರಲಿ" ಎನ್ನುತ್ತಿದ್ದಳು.

ಒಮ್ಮೆ ಅಕ್ಕನೇ ಓಡಿಸುತ್ತ ಮೂವರೂ ಶೃಂಗೇರಿಗೆ ಹೋಗಿ ಅಲ್ಲಿಂದ ಕಿಗ್ಗಕ್ಕೆ ಹೊರಟಿದ್ದೆವು. ಏರಿನಲ್ಲಿ ಎಂಜಿನ್ ಅರಚಿತು, ಕಾರು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಬಂತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ನಾನು ಹಾರಿ ಇಳಿದು ಕಲ್ಲು ಕೊಟ್ಟೆ. ಲಾರಿಯ ಮೇಲೆ ಮನೆ ಸೇರಿದ ಕಾರು ಮತ್ತೆ ಏಳಲಿಲ್ಲ. ಅದೇ ವರ್ಷ ಅಕ್ಕನೂ ಹಾಸಿಗೆ ಹಿಡಿದಳು. ಕೊನೆಯವರೆಗೂ ಅವಳಿಗೆ ಅದೊಂದೇ ಕೊರಗು. "ಈ ಸತ್ತ ಕಾಲು ಬ್ರೇಕ್ ಮೇಲೆ ಬಿದ್ದಿತ್ತೇನೋ ಕಣೋ. ನಂಗೆ ಗೊತ್ತೇ ಆಗ್ಲಿಲ್ಲ. ಕಾರನ್ನ ನಾನೇ ಕೊಂದೆ" ಎನ್ನುತ್ತಿದ್ದಳು. ಹಾಗೆ ಅಂದುಕೊಂಡೇ ಹೋದಳು. ಅದು ನನಗೆ ಈಗಲೂ ಸಂಕಟ.

ಶಿವಮೊಗ್ಗದ ಮೆಕ್ಯಾನಿಕ್ಕುಗಳು ಗುಜರಿಗೆ ಹಾಕಿ ಎಂದರು. ಭಾವ ಕೇಳಲಿಲ್ಲ. "ನಾನೇ ಬಿಚ್ಚಿ ನೋಡ್ತೀನಿ ಮಾರಾಯ. ಅವಳ ಕಾಲೋ, ಅಲ್ವೋ, ನಂಗೆ ಗೊತ್ತಾಗ್ಬೇಕು" ಎಂದರು. ಫೋನಿನಲ್ಲಿ ವಿಡಿಯೋ ನೋಡಿ ಗೇರ್ ಬಾಕ್ಸನ್ನು ಶೆಡ್ಡಿನಲ್ಲಿ ಇಳಿಸಿದರು. ನನ್ನ ಪಾತ್ರ ಟಾರ್ಚ್ ಹಿಡಿಯುವುದು. ಅದನ್ನೂ ಬೇಕಾದ ಕಡೆ ಹಿಡಿಯುವುದಿಲ್ಲ ಎಂದು ಬೈಸಿಕೊಳ್ಳುವುದು. ಕೈ ಬಿಗಿಯಾಗಿದ್ದ ಕಾಲ, ಹಾಗಾಗಿ ಎಲ್ಲಕ್ಕೂ ಮನೆಯ ಸಾಮಾನೇ. ಬಿಚ್ಚಿದ ಭಾಗಗಳು ಅಡಿಕೆಯ ಹಾಳೆತಟ್ಟೆಗಳಲ್ಲಿ ಸಾಲಾಗಿ ಕೂತವು. ಗೇರ್ ಬಾಕ್ಸಿನ ಒಳಗೇ ಇರುವ ಕ್ಲಚ್ ಪ್ಲೇಟುಗಳು ದೋಸೆಹಿಟ್ಟಿನ ಪಾತ್ರೆಯಲ್ಲಿ ಎಣ್ಣೆಯಲ್ಲಿ ನೆನೆದವು. ಸಣ್ಣ ಗುಂಡುಗಳಿಗೂ ಸ್ಪ್ರಿಂಗುಗಳಿಗೂ ವಾರಕ್ಕೆ ಏಳು ಮನೆಗಳಿದ್ದ ಅಕ್ಕನ ಮಾತ್ರೆ ಡಬ್ಬಿ. ಭಾನುವಾರದ ಮನೆಯಲ್ಲಿ ಅವಳು ನುಂಗದೆ ಉಳಿಸಿದ್ದ ಒಂದು ಮಾತ್ರೆ ಇನ್ನೂ ಇತ್ತು. ಭಾವ ಅದನ್ನು ತೆಗೆಯಲಿಲ್ಲ.

ಒಂದು ನಿಯಮವಿತ್ತು. ನೂಲಿನ ಒಂದೆಳೆ ಒಳಗೆ ಹೋದರೂ ಗೇರ್ ಬಾಕ್ಸ್ ಕಟ್ಟಿಕೊಳ್ಳುತ್ತದಂತೆ. ಆದ್ದರಿಂದ ಆ ಬಟ್ಟೆ ವ್ಯಾಪಾರಿಯ ಶೆಡ್ಡಿನಲ್ಲಿ ಬಟ್ಟೆಗೇ ನಿಷೇಧ. ಕೈ ಒರೆಸುವಂತಿಲ್ಲ. ಅದರ ಎಣ್ಣೆಯೋ ರಕ್ತದಂಥ ಕೆಂಪು. ನಾವು ಮುಟ್ಟಿದ್ದರ ಮೇಲೆಲ್ಲ, ಬಾಗಿಲು, ಸ್ಪ್ಯಾನರು, ಚಹಾದ ಲೋಟ, ಎಲ್ಲದರ ಮೇಲೂ ಕೆಂಪು ಬೆರಳಚ್ಚು. ಹೊಸಬರು ಬಂದಿದ್ದರೆ ಪೊಲೀಸರನ್ನು ಕರೆಯುತ್ತಿದ್ದರೇನೋ.

ಅಕ್ಕನ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಓಡಾಡಲು ಅಡ್ಡವೆಂದು ಅದನ್ನು ನಾನು ಗೋಡೆ ಬದಿಗಿಟ್ಟರೆ, ಮರುದಿನ ಮುಂದಿನ ಚಕ್ರದ ಬುಡದಲ್ಲಿರುತ್ತಿತ್ತು. ಭಾವ ಇಟ್ಟರೆಂದು ನಾನು, ನಾನಿಟ್ಟೆನೆಂದು ಭಾವ. ಒಂದು ದಿನ ಇಬ್ಬರೂ ಬಾಯಿ ಬಿಟ್ಟು ಕೇಳಿಕೊಂಡೆವು. ಇಬ್ಬರೂ ಇಟ್ಟಿರಲಿಲ್ಲ.

ಕೊನೆಗೆ ತಪ್ಪು ಸಿಕ್ಕಿತು. ಒಳಗಿನ ರಬ್ಬರ್ ಸೀಲು ವಯಸ್ಸಾಗಿ ಬಳೆಯಂತೆ ಗಟ್ಟಿಯಾಗಿತ್ತು. ಬೆರಳಲ್ಲಿ ಒತ್ತಿದರೆ ಪಟ್ಟೆಂದು ಮುರಿಯಿತು. ಎಣ್ಣೆಯ ಒತ್ತಡ ಅಲ್ಲೇ ಸೋರಿ ಪ್ಲೇಟುಗಳು ಜಾರಿ ಸುಟ್ಟಿದ್ದವು. ಯಾರ ಕಾಲಿನ ದೋಷವೂ ಅಲ್ಲ. ಭಾವ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಡ್ರೈವರ್ ಸೀಟಿನ ಬಾಗಿಲು ತೆಗೆದರು. ಖಾಲಿ ಸೀಟಿಗೆ ತೋರಿಸಿ, "ನೋಡೇ, ಇದು ಕಣೇ. ನಿಂದಲ್ಲ. ನಿನ್ನ ಕಾಲಲ್ಲ" ಎಂದರು. ನಾನು ಟಾರ್ಚ್ ಆರಿಸಿ ಹೊರಗೆ ಬಂದು ನಿಂತೆ.

ಅವತ್ತಿನಿಂದ ಕಲ್ಲು ಅಲುಗಲಿಲ್ಲ. ಗೋಡೆ ಬದಿಯಲ್ಲಿಟ್ಟರೆ ಅಲ್ಲೇ ಇರುತ್ತಿತ್ತು. ನನಗೆ ಧೈರ್ಯ ಬಂತು, ಜೊತೆಗೆ ಯಾಕೋ ಬೇಜಾರೂ ಆಯಿತು.

ಸೀಲು, ಪ್ಲೇಟು ಎಲ್ಲ ಹೊಸದು ಹಾಕಿ, ಗೇರ್ ಬಾಕ್ಸನ್ನು ಮತ್ತೆ ಏರಿಸಿ, ಒಂದು ಬೆಳಿಗ್ಗೆ ಕಾರು ಚಾಲೂ ಮಾಡುವುದೆಂದಾಯಿತು. ಕಲ್ಲು ಗೋಡೆ ಬದಿಯಲ್ಲೇ ಇದ್ದುದನ್ನು ನಾನು ಹೋದ ಕೂಡಲೇ ನೋಡಿದ್ದೆ. ಎಣ್ಣೆ ತುಂಬಿ ಭಾವ ಎಂಜಿನ್ ಎಬ್ಬಿಸಿದರು. ಗೇರ್ ಕಡ್ಡಿ ಸರಿಸಿದಾಗ ಕಾರು ಹಳೆಯ ರೀತಿಯಲ್ಲೇ ಮೆಲ್ಲಗೆ ಜಗ್ಗಿತು. ಅವರ ಕಣ್ಣು ತುಂಬಿತು. ಪಿಗೆ ಹಾಕಿ, ಎಂಜಿನ್ ನಿಲ್ಲಿಸಿ ಇಳಿದು, ಎಣ್ಣೆ ಸೋರುತ್ತಿದೆಯೇ ನೋಡಲು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿದರು. ಅವರ ಬೆನ್ನ ಹಿಂದೆ ಅಂಗಳದ ಇಳಿಜಾರು, ಆಮೇಲೆ ದಿಬ್ಬದಂಚು, ಕೆಳಗೆ ಹಿನ್ನೀರು.

ಕಾರು ಹೊರಟಿತು. ಸದ್ದೇ ಇಲ್ಲ. ನಾನು ಹಿಂದೆ ನಿಂತಿದ್ದೆ. ಹ್ಯಾಂಡ್ ಬ್ರೇಕ್ ಹೆಸರಿಗಷ್ಟೇ ಇದ್ದ ಕಾರು ಅದು. "ಭಾವಾ!" ಎಂದು ಕೂಗಿದೆ. ಟಕ್ ಎಂದು ಸದ್ದಾಗಿ ಕಾರು ನಿಂತಿತು. ಭಾವನ ಹಣೆಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

ಚಕ್ರದ ಮುಂದೆ ಅಕ್ಕನ ಕಲ್ಲಿತ್ತು. ಗೋಡೆ ಬದಿ ಖಾಲಿ.

ಕಡ್ಡಿ ಪಿ ಎಂದು ತೋರಿಸುತ್ತಿದ್ದರೂ ಒಳಗೆ ಹಿಡಿಯುವ ಹಲ್ಲು ಕೂತಿರಲಿಲ್ಲ. ಎರಡನ್ನೂ ಜೋಡಿಸುವ ಸರಳನ್ನು ಭಾವ ಚೂರು ಉದ್ದ ಬಿಟ್ಟು ಕಟ್ಟಿದ್ದರು. ಗಿರಾಕಿಗೆ ಬಟ್ಟೆ ಅಳೆಯುವಾಗ ಒಂದು ಬೆರಳು ಜಾಸ್ತಿಯೇ ಕೊಡುವ ಕೈ ಅದು. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾವಿಬ್ಬರೂ ಕಲ್ಲನ್ನೇ ನೋಡುತ್ತಿದ್ದೆವು. ನಮ್ಮ ನಾಲ್ಕೂ ಕೈಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಭಾವ ಅದನ್ನು ಮುಟ್ಟದೆ ಸುತ್ತಲೂ ಬಗ್ಗಿ ನೋಡಿದರು. ಕೆಂಪು ಗುರುತು ಒಂದೂ ಇರಲಿಲ್ಲ. "ನಾವಿಟ್ಟಿದ್ದಲ್ಲ ಮಾರಾಯ" ಎಂದರು, ಪಿಸುಮಾತಿನಲ್ಲಿ.

ಸರಳು ಸರಿ ಮಾಡಿ ಕಿಗ್ಗದ ಏರನ್ನೂ ಹತ್ತಿಸಿಕೊಂಡು ಬಂದೆವು. ಕುಳ್ಳಿ ಅಕ್ಕ ಮುಂದಕ್ಕೆ ಎಳೆದಿಟ್ಟಿದ್ದ ಸೀಟನ್ನು ಭಾವ ಹಿಂದೆ ಸರಿಸಲಿಲ್ಲ. ಮೊಣಕಾಲು ಸ್ಟಿಯರಿಂಗಿಗೆ ಬಡಿಯುತ್ತಿದ್ದರೂ ಇವತ್ತಿಗೂ ಹಾಗೇ ಓಡಿಸುತ್ತಾರೆ. ಆ ಕಲ್ಲು ಮತ್ತೆಂದೂ ಜಾಗ ಬಿಟ್ಟು ಕದಲಲಿಲ್ಲ.

ಇಗೋ, ಕನ್ನಡಕ ಬಂತು. ಹಾಕಿಕೊಳ್ಳಲು ಕೈ ಯಾಕೋ ಹಿಂಜರಿಯುತ್ತಿದೆ. ಅಲ್ಲಿ ಕಲ್ಲಿದ್ದರೆ ಏನು ಮಾಡುವುದೆಂದು ಇಷ್ಟು ಹೊತ್ತೂ ಹೆದರಿ ಕೂತಿದ್ದೆ. ಹಾಕಿಕೊಂಡೆ. ಕಲ್ಲಿಲ್ಲ, ಬರೀ ನೆರಳು. ನಿರಾಳವಾಗಬೇಕಿತ್ತು. ಆಗಲಿಲ್ಲ. ಕಲ್ಲಿರಲಿ ಎಂದೇ ನನ್ನ ಜೀವ ಕಾದಿತ್ತೆಂದು ಈಗ ಗೊತ್ತಾಗುತ್ತಿದೆ.

ರಸ್ತೆ ದಾಟಿ, ಚರಂಡಿ ಬದಿಯಿಂದ ಒಂದು ಕಲ್ಲು ತಂದು ಚಕ್ರಕ್ಕೆ ಕೊಟ್ಟೆ. ಅಷ್ಟರಲ್ಲಿ ಮಗಳು ಔಷಧದ ಚೀಲ ಹಿಡಿದು ಬಂದಳು.

"ಅಪ್ಪ, ಈಗ ಹೊರಡೋದೇ ಅಲ್ವಾ?"

"ಹೌದು" ಎಂದೆ. "ಒಂದು ನಿಮಿಷ ಇರಲಿ."