ಕೊಟ್ರಪ್ಪ ತೊಳೆದ ಕಲ್ಲು

ಕೊಟ್ರಪ್ಪನಂಥ ಮನುಷ್ಯನನ್ನು ಬೈಯಲೂ ಆಗುವುದಿಲ್ಲ, ಸುಮ್ಮನೆ ಬಿಡಲೂ ಆಗುವುದಿಲ್ಲ. ಹೂವಿನಹಡಗಲಿ ಕಡೆಯವನು. ಪೀಣ್ಯದಲ್ಲಿ ನಾನು ಟೈಪಿಸ್ಟಾಗಿದ್ದ ಪುಟ್ಟ ಪರೀಕ್ಷಾ ಶೆಡ್ಡಿನಲ್ಲಿ ಅವನು ಫಿಟ್ಟರು, ಅದೂ ಟೆಂಪರರಿ. ದಪ್ಪ ಉಕ್ಕಿನ ಸಿಲಿಂಡರಿನೊಳಗೆ ಕಲ್ಲಿನ ತುಂಡು ಕೂರಿಸಿ ಬೋಲ್ಟು ಬಿಗಿಯುವುದು ಅವನ ಕೆಲಸ.

ತೊಂಬತ್ತೆಂಟರಲ್ಲಿ ಹೊರದೇಶದ ಕಂಪನಿಯೊಂದರಿಂದ ದೊಡ್ಡ ಆರ್ಡರು ಬಂತು. ಸಮುದ್ರದ ತಳಕ್ಕಿಂತ ಕೆಳಗೆ, ನೆಲದೊಳಗೆ, ಅವರು ಗ್ಯಾಸೆಲ್ಲ ತೆಗೆದು ಬರಿದು ಮಾಡಿದ ನಿಕ್ಷೇಪವೊಂದಿತ್ತಂತೆ. ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅದರೊಳಗೆ ತುಂಬಿಟ್ಟರೆ ನಿಲ್ಲುತ್ತದೋ, ಸೋರುತ್ತದೋ? ನಿಕ್ಷೇಪದ ಮೇಲೆ ಮುಚ್ಚಳದಂತೆ ಕೂತ ಕಲ್ಲಿನ ತುಂಡಿಗೆ ಒತ್ತಡ ಕೊಟ್ಟು ನೋಡಿ ನಾವು ಹೇಳಬೇಕಿತ್ತು. ಇದು ಸರಿಹೋದರೆ ಉಳಿದ ನಿಕ್ಷೇಪಗಳ ಕೆಲಸವೂ ನಮಗೇ, ಕೊಟ್ರಪ್ಪ ಪರ್ಮನೆಂಟು ಎಂದು ಮಾಲೀಕ ಸಿದ್ದರಾಮಪ್ಪನವರು ಎಲ್ಲರೆದುರು ಹೇಳಿದರು. ಅಷ್ಟು ಕೇಳಿದ್ದೇ ತಡ, ಅವನು ದಾಸರಹಳ್ಳಿಯಲ್ಲಿ ರೂಮು ಹಿಡಿದು, ಮದುವೆಯಾದಾಗಿನಿಂದ ಊರಲ್ಲೇ ಬಿಟ್ಟಿದ್ದ ಹೆಂಡತಿ ಶಿವಗಂಗಾಳನ್ನು ಕರೆಸಿಕೊಂಡ.

ಆಯುಧಪೂಜೆ ಬಂತು. ಅಂದು ನಮ್ಮ ಶೆಡ್ಡಿನಲ್ಲಿ ತೊಳೆಯದೆ ಉಳಿಯುವುದು ಫ್ಯೂಸ್ ಬಾಕ್ಸ್ ಒಂದೇ. ಕೊಟ್ರಪ್ಪ ಲೇತು, ಪಂಪು, ಸ್ಪ್ಯಾನರು ಎಲ್ಲ ತೊಳೆದ. ಪರೀಕ್ಷೆಗೆಂದು ಬಂದಿದ್ದ, ಎಲ್ಲರಿಗೂ ಅನ್ನ ಕೊಡುವ ಕಲ್ಲನ್ನೇ ಬಿಟ್ಟರೆ ಹೇಗೆ ಎಂದುಕೊಂಡು ಅದರ ಪ್ಲಾಸ್ಟಿಕ್ ಬಿಚ್ಚಿ, ಮೇಲಿನ ಮೇಣ ಸುಲಿದು, ಚೊಂಬುಗಟ್ಟಲೆ ನೀರು ಹೊಯ್ದು, ವಿಭೂತಿ ಹಚ್ಚಿ ಹೂವಿಟ್ಟ. ಮಂಗಳಾರತಿಯ ಹೊತ್ತಿಗೆ ಕಲ್ಲು ಪದರ ಪದರವಾಗಿ ಬಿಚ್ಚಿಕೊಂಡು ತಟ್ಟೆಯಲ್ಲಿ ಕೆಸರಾಗಿತ್ತು. ಅದು ಜೇಡಿಮಣ್ಣು ಗಟ್ಟಿಯಾಗಿ ಆದ ಕಲ್ಲು, ನೀರು ಕುಡಿದರೆ ಉಬ್ಬಿ ಒಡೆಯುವ ಜಾತಿ. ನೀರು ಸೋಕಿಸಬೇಡಿ ಎಂದು ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು, ನಿಜ. ಕನ್ನಡದಲ್ಲಿ ಅವನಿಗೊಂದು ಮಾತು ಹೇಳಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ಇನ್ನೊಂದು ತುಂಡು ತರಿಸಾಕ ಬರಂಗಿಲ್ಲೇನ್ರೀ ಸರ?" ಎಂದು ಅವನು ಎಂಜಿನಿಯರ್ ರುದ್ರೇಶರನ್ನು ಕೇಳಿದ.

"ಇದ್ದಿದ್ದೇ ಒಂದು ತುಂಡು, ಕೊಟ್ರಪ್ಪ. ಅದನ್ನ ಕೊರೆದು ತೆಗೆದ ಬಾವಿಗೆ ಸಿಮೆಂಟ್ ಹಾಕಿ ಮುಚ್ಬಿಟ್ಟಿದ್ದಾರೆ," ಎಂದರು ರುದ್ರೇಶ್.

ಸಿದ್ದರಾಮಪ್ಪನವರು ಕೂಗಾಡಿದ್ದರೆ ವಾಸಿಯಿತ್ತು. ಕೂಗಾಡಲಿಲ್ಲ. ಮರುವಾರ ಆರ್ಡರು ರದ್ದಾಯಿತು, ತಿಂಗಳ ಕೊನೆಗೆ ಕೊಟ್ರಪ್ಪ ಕೆಲಸ ಬಿಡಬೇಕೆಂದರು. ನಾನು ಜಗಳಕ್ಕೇ ಹೋದೆ. ಬೇರೆ ಆರ್ಡರು ಎಲ್ಲಿದೆ ತೋರಿಸಮ್ಮ, ಅವನನ್ನು ಇಟ್ಟುಕೊಳ್ಳುತ್ತೇನೆ ಎಂದರು. ವಾಪಸು ಬಂದು ಟೈಪ್‌ರೈಟರಿನ ಮುಂದೆ ಕೂತೆ.

ಮಾರನೆಯ ದಿನ ಮಧ್ಯಾಹ್ನ ಶಿವಗಂಗಾ ಶೆಡ್ಡಿಗೇ ಬಂದಳು, ಬುಟ್ಟಿ ತುಂಬ ಹೋಳಿಗೆ. ಗಂಡ ಪರ್ಮನೆಂಟಾದ ಖುಷಿಗಂತೆ. ಪುಣ್ಯಾತ್ಮ ಊರಿನಿಂದ ಕರೆಸಿಕೊಳ್ಳುವಾಗಲೇ ಪರ್ಮನೆಂಟಾಯಿತು ಎಂದಿದ್ದ, ಕಲ್ಲು ಒಡೆದ ಮೇಲೆ ಅವಳಿಗೆ ಏನೂ ಹೇಳಿರಲಿಲ್ಲ.

"ನಿಮ್ಮೆಲ್ಲಾರ ಪುಣ್ಯೇದಿಂದ ಇನ್ನ ಒಂದ ಕಡೆ ಇರ್ತೀವ್ರೀ ಅಕ್ಕಾರ," ಎಂದು ಮೊದಲ ಹೋಳಿಗೆಯನ್ನು ನನ್ನ ಕೈಗೇ ಇಟ್ಟಳು.

ಕೊಟ್ರಪ್ಪನ ಕಡೆ ನೋಡಿದೆ. ಅವನು ರಸ್ತೆಗೆ ಮುಖ ಮಾಡಿ ನಿಂತಿದ್ದ. ರುದ್ರೇಶ್ ಏನೋ ಹೇಳಲು ಬಾಯಿ ತೆರೆದವರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಸಿದ್ದರಾಮಪ್ಪನವರು ಇನ್ನೊಂದು ಕೇಳಿ ಹಾಕಿಸಿಕೊಂಡು, ಚೆನ್ನಾಗಿದೆ ತಾಯಿ ಎಂದರು. ನಾನೂ ತಿಂದೆ.